ಚಂದ್ರಪ್ಪ ಮೇಷ್ಟ್ರ ರೇಸ್ ಸೈಕಲ್ಲಿಗೆ ಹಿಂಚಕ್ರ ಹುಡುಕಿದ್ದು

ನನ್ನ ಕೈಯಲ್ಲಿ ಹಿಂಚಕ್ರ ಹಾಕಿಸಿಕೊಂಡ ಚಿತ್ರದುರ್ಗದ ಸಮಸ್ತರೂ ಮೊದಲು ನನ್ನನ್ನು ಕ್ಷಮಿಸಬೇಕು. ಮುಂಚಕ್ರ ಹಾಕಿಸಿಕೊಂಡವರು ಅಷ್ಟಾಗಿ ಕ್ಷಮಿಸಬೇಕಾಗಿಲ್ಲ. ಮುಂಚಕ್ರ ಒಂದು ಬಡಪಾಯಿ. ಅದಕ್ಕೆ ಚೈನಿಲ್ಲ, ಹಲ್ಲಿಲ್ಲ, ಫ್ರೀವೀಲಿಲ್ಲ, ಸುಮ್ಮನೆ ತಿರುಗಿಕೊಂಡಿರುತ್ತದೆ. ಸೈಕಲ್ ರಿಪೇರಿಯವನ ಯೋಗ್ಯತೆ ಗೊತ್ತಾಗುವುದು ಹಿಂಚಕ್ರದಲ್ಲಿ. ನನ್ನದು ಅಲ್ಲೇ ಗೊತ್ತಾಯಿತು.

ನನ್ನ ಹೆಸರು ತಿಪ್ಪೇಸ್ವಾಮಿ. ಎಸ್ಸೆಸ್ಸೆಲ್ಸಿವರೆಗೆ ಓದಿ, ಒಬ್ಬರ ಸೈಕಲ್ ಷಾಪಿಗೆ ಸೇರಿ, ಆಮೇಲೆ ನನ್ನದೇ ಷಾಪು ಇಟ್ಟು, ಒಂದೊಂದು ಸ್ಪೋಕು ಎರಡೆರಡಾಗಿ ಕಾಣತೊಡಗಿದ ಮೇಲೆ ಬಾಗಿಲು ಹಾಕಿದವನು. ಈಗ ಗೇರ್ ಸೈಕಲ್ ರಿಪೇರಿಗೆ ಹೊಸದಾಗಿ ಇಳಿದವರು ಮನೆ ಹುಡುಕಿಕೊಂಡು ಬಂದು, "ಹಳೇ ರೇಸ್ ಸೈಕಲ್ಲಿಗೆ ಹಿಂದಿನ ವೀಲು ಯಾವ್ದು ಕೂರುತ್ತೆ ಯಜಮಾನ್ರೇ?" ಎಂದು ಕೇಳುತ್ತಾರೆ. ನಾನು ಕಣ್ಣು ಅರ್ಧ ಮುಚ್ಚಿ, ತಲೆದೂಗಿ, ಉತ್ತರ ಹೇಳುತ್ತೇನೆ. ಅವರು ನಮಸ್ಕಾರ ಮಾಡಿ ಹೋಗುತ್ತಾರೆ. ಈ ವಿದ್ಯೆ ನನಗೆ ಹೇಗೆ ಬಂತು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದೆಯೇ ಹೇಳಿಬಿಡುತ್ತೇನೆ. ತಪ್ಪನ್ನು ಗಿರಾಕಿಯ ಮುಂದೆ ಒಪ್ಪಿಕೊಂಡದ್ದಾಗಿದೆ. ಕಸುಬಿನವರ ಮುಂದೆ ಒಪ್ಪಿಕೊಳ್ಳುವುದು ಬಾಕಿಯಿದೆ.

ನನಗೆ ಕೆಲಸ ಕಲಿಸಿದವರು ಉಸ್ತಾದ್ ದಾದಾಪೀರ್. ಅವರ ಷಾಪಿನಲ್ಲಿ ಸುತ್ತಿಗೆ, ಪಂಪು, ಪಂಕ್ಚರ್ ನೋಡುವ ನೀರಿನ ಬಾಂಡ್ಲಿ ಎಲ್ಲ ಇದ್ದವು, ಅಳತೆಪಟ್ಟಿ ಮಾತ್ರ ಇರಲಿಲ್ಲ. ಯಾವುದಾದರೂ ಅಂತರದ ಅಳತೆ ಬೇಕೆಂದರೆ ಷಾಪಿನ ಮುಂದಿದ್ದ ಬೇವಿನ ಮರದಿಂದ ಒಂದು ಕಡ್ಡಿ ಮುರಿಯುವುದು, ಅಂತರದಲ್ಲಿ ಬಿಗಿಯಾಗಿ ಕೂರುವಂತೆ ಅದನ್ನು ಚಾಕುವಿನಲ್ಲಿ ಕತ್ತರಿಸುವುದು, ಜೇಬಿಗೆ ಹಾಕಿಕೊಂಡು ಸಾಮಾನು ತರಲು ಹೋಗುವುದು. ಒಮ್ಮೆ ನಾನು, ಓದಿದವನೆಂಬ ಗರ್ವದಲ್ಲಿ, ಟೇಪು ತರಲೇ ಎಂದು ಕೇಳಿದೆ.

"ಟೇಪಲ್ಲಿ ನಂಬರ್ ಓದಬೇಕು, ಓದಿದ್ದು ಅಂಗಡಿ ಮುಟ್ಟೋವರೆಗೂ ನೆನಪಿಟ್ಕಬೇಕು," ಎಂದರು ಉಸ್ತಾದ್. "ಕಡ್ಡಿ ಜೇಬಲ್ಲಿದ್ರೆ ಎರಡೂ ಬ್ಯಾಡ. ನೀನು ಏನಾರ ನೆನಪಿಟ್ಕಂಡಿದ್ದು ಐತೇನಲೇ ಇವತ್ತಿನವರೆಗೂ?"

ಇರಲಿಲ್ಲ. ಕಡ್ಡಿಯನ್ನೇ ನಂಬಿದೆ. ಉಸ್ತಾದರು ತೀರಿಕೊಂಡ ಮೇಲೆ ನನ್ನ ಷಾಪಿನಲ್ಲೂ ಅದೇ ಪದ್ಧತಿ ನಡೆಯಿತು.

ಅವರ ಕೈಕೆಳಗಿದ್ದಾಗ ಮಾಡಿದ ತಪ್ಪುಗಳಲ್ಲಿ ಒಂದನ್ನು ಹೇಳಬೇಕು. ಹಿರೇಗುಂಟನೂರಿನಿಂದ ಹಾಲು ತರುತ್ತಿದ್ದ ಸಿದ್ದಣ್ಣನ ಸೈಕಲ್ಲಿಗೆ ಹಿಂಚಕ್ರ ಕಟ್ಟಿಕೊಟ್ಟಿದ್ದೆ. ಚಕ್ರ ಕಟ್ಟುವಾಗ ರಿಮ್ಮು ಫ್ರೇಮಿನ ನಟ್ಟನಡುವೆ ಬರುವಂತೆ ಎರಡೂ ಕಡೆಯ ಸ್ಪೋಕು ಎಳೆಯಬೇಕು. ನಾನು ಒಂದೇ ಕಡೆ ಎಳೆದುಬಿಟ್ಟಿದ್ದೆ. ಸೈಕಲ್ಲು ಎಡಕ್ಕೆ ಎಳೆಯುತ್ತಿತ್ತು. ಸಿದ್ದಣ್ಣ ದೇವರಂಥ ಮನುಷ್ಯ, ಒಂದು ಮಾತೂ ಆಡದೆ ಮೂರು ತಿಂಗಳು ಬಲಕ್ಕೆ ವಾಲಿಕೊಂಡೇ ಹಾಲು ತಂದ. ಒಂದು ದಿನ ಉಸ್ತಾದರ ಕಣ್ಣಿಗೆ ಅದು ಬಿತ್ತು. ಅವನಿಗೆ ಹೇಳದೆಯೇ ಬಿಚ್ಚಿ ಸರಿಮಾಡಿಟ್ಟರು. ಮರುದಿನ ಬೆಳಿಗ್ಗೆ ಸಿದ್ದಣ್ಣ ಅಭ್ಯಾಸದಂತೆ ಬಲಕ್ಕೆ ವಾಲಿ ಕ್ಯಾನುಗಳ ಸಮೇತ ಚರಂಡಿಗೆ ಹೋದ. ಮೈಯೆಲ್ಲ ಹಾಲು ಮಾಡಿಕೊಂಡು ಷಾಪಿಗೆ ಬಂದು, "ಚೆನ್ನಾಗಿದ್ದ ಸೈಕಲ್ಲು ಕೆಡಿಸ್ದೋನು ಯಾವನ್ರೀ?" ಎಂದು ಕೂಗಿದ. ಉಸ್ತಾದರು ನನ್ನ ಕಡೆ ಬೆರಳು ತೋರಿಸಿದರು.

ಇನ್ನು ಚಂದ್ರಪ್ಪ ಮೇಷ್ಟ್ರ ವಿಷಯ. ಇವರು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಮನೆ ಚಿತ್ರದುರ್ಗದಲ್ಲಿ, ನನ್ನ ಷಾಪಿನಿಂದ ಎರಡು ಬೀದಿ ಆಚೆ. ಅವರು ಬಂದಾಗ ನಾನು ಷಾಪು ಮುಚ್ಚಲು ಇನ್ನೂ ಕೆಲವು ವರ್ಷಗಳಿದ್ದವು. ಕೈಯಲ್ಲಿ ಒಂದು ಹಳೆಯ ರೇಸ್ ಸೈಕಲ್ಲು. ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್ಲು, ಬೆರಳಿನಷ್ಟು ತೆಳ್ಳಗಿನ ಟೈರು, ಹಿಂದೆ ಐದು ಗೇರು. ಮುಂದಿನ ಅರ್ಧ ನೋಡಿದರೆ ಕುದುರೆ. ಹಿಂದಿನ ಅರ್ಧ ನೋಡಿದರೆ ಕುದುರೆಯ ಮೇಲೆ ಲಾರಿ ಹತ್ತಿದಂತಿತ್ತು. ರಿಮ್ಮು ಹಪ್ಪಳವಾಗಿತ್ತು, ಚಕ್ರದ ನಡುವಿನ ಹಬ್ಬು ಬಿರುಕು ಬಿಟ್ಟಿತ್ತು.

"ಅಟ್ಟದ ಮೇಲಿಂದ ಇಳಿಸುವಾಗ ಕೈ ಜಾರ್ತು," ಎಂದರು ಮೇಷ್ಟ್ರು, ಯಾರದೋ ಸಾವಿನ ಸುದ್ದಿ ಹೇಳುವ ದನಿಯಲ್ಲಿ. "ತಿಪ್ಪೇಸ್ವಾಮಿ, ಈ ತಿಂಗ್ಳು ಕೊನೇ ದಿನ ನನ್ನ ರಿಟೈರ್‌ಮೆಂಟು. ಮೊದಲ್ನೇ ದಿನ ಸ್ಕೂಲಿಗೆ ಇದರ ಮೇಲೆ ಹೋಗಿದ್ದೆ. ಕೊನೇ ದಿನ ಸ್ಕೂಲಿಂದ ಮನೆಗೆ ಇದರ ಮೇಲೇ ಬರ್ತೀನಿ ಅಂತ ಪ್ರೇಯರ್‌ನಲ್ಲಿ ಮಕ್ಕಳ ಮುಂದೆ ಹೇಳ್ಬಿಟ್ಟಿದ್ದೀನಿ. ಮೂವತ್ತು ವರ್ಷ ಅವುಕ್ಕೆ 'ಆಗಲ್ಲ ಅನ್ಬ್ಯಾಡ್ರಲೇ' ಅಂತ ಸೀಟಿ ಊದಿದೋನು ನಾನು. ಈಗ ನಾನೇ ಬಸ್ಸಲ್ಲಿ ಬಂದ್ರೆ?"

"ಬಸ್ಸಲ್ಲಿ ಯಾಕ್ ಬರ್ತೀರಿ ಸಾರ್, ನಾನಿಲ್ವಾ," ಎಂದೆ. ಈ ಕಸುಬಿನಲ್ಲಿ ಅತಿ ಹೆಚ್ಚು ಜನರನ್ನು ಹಾಳು ಮಾಡಿರುವುದು ಈ ಮಾತು. ಹೊಸಬರು ಗಮನಿಸಿ.

ಮೊದಲು ಷಾಪಿನಲ್ಲಿದ್ದ ಚಕ್ರಗಳನ್ನೇ ಹಾಕಿ ನೋಡಿದೆ. ನಮ್ಮ ಸಾಮಾನ್ಯ ಸೈಕಲ್ಲಿನ ಚಕ್ರ ರೇಸ್ ಸೈಕಲ್ಲಿನದಕ್ಕಿಂತ ದೊಡ್ಡದು. ಬ್ರೇಕಿನ ರಬ್ಬರು ರಿಮ್ಮನ್ನು ಬಿಟ್ಟು ಒಳಗಿನ ಸ್ಪೋಕುಗಳನ್ನು ಹುಡುಕುತ್ತಿತ್ತು. ಹೊಸ ಗೇರ್ ಸೈಕಲ್ಲಿನ ಚಕ್ರ ತಂದೆ. ಸುತ್ತಳತೆ ಹೊಂದಿತು, ಆದರೆ ಹಬ್ಬು ಅಗಲ. ಈಗಿನವುಗಳಲ್ಲಿ ಹಲ್ಲಿನ ಚಕ್ರ ಎಂಟೊಂಬತ್ತು ಕೂರಿಸಬೇಕಲ್ಲ, ಅದಕ್ಕೇ ಅಗಲ. ಹಿಂಚಕ್ರವನ್ನು ಹಿಡಿದುಕೊಳ್ಳುವ ಫ್ರೇಮಿನ ಎರಡು ಹಿಂಗಾಲುಗಳ ನಡುವೆ ಅದು ತೂರಲೇ ಇಲ್ಲ. ಜೊತೆಗೆ ಹಳೆಯ ಗೇರಿನ ಕಟ್ಟು ಹಬ್ಬಿನ ಮರೆಗೆ, ಅಂದರೆ ತಿರುಪಿನ ಗೆರೆಗೆ, ತಿರುಗಿಸಿ ಕೂರಿಸುವಂಥದ್ದು. ಹೊಸ ಹಬ್ಬಿಗೆ ಮರೆಯೇ ಇಲ್ಲ, ಗೇರು ಬಳೆಯಂತೆ ಜಾರಿಸಿ ಹಾಕುವುದು. ಇವಿಷ್ಟನ್ನೂ ನಾನು ಒಂದೊಂದಾಗಿ ಕಂಡುಹಿಡಿದೆ, ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು "ಓಹೋ" ಎನ್ನುತ್ತಿರುವಾಗ.

ಕೊನೆಗೆ ಹಳೆಯದೇ ಚಕ್ರ ಹುಡುಕಬೇಕೆಂದು ತೀರ್ಮಾನವಾಯಿತು. ಬೇವಿನ ಕಡ್ಡಿ ಮುರಿದು, ಎರಡು ಹಿಂಗಾಲುಗಳ ನಡುವೆ ಇಟ್ಟು ನೋಡಿ, ಸರಿಯಾಗಿ ಕತ್ತರಿಸಿ, ಮೇಷ್ಟ್ರ ಮುಂದೆ ಎತ್ತಿಹಿಡಿದೆ.

"ಇದೇ ನೋಡ್ರಿ ನಿಮ್ಮ ಸೈಕಲ್ಲಿನ ಜಾತಕ. ಇದಕ್ಕೆ ಕೂಡಿಬರೋ ಹಬ್ಬು ತಂದೇ ತರ್ತೀನಿ."

ಮರುದಿನ ಬಸ್ಸು ಹತ್ತಿದೆ. ಹೊಳಲ್ಕೆರೆಯ ಸೈಕಲ್ ಷಾಪಿನವನು ಒಳಗೆ ಹೋಗಿ ಬಹಳ ಹೊತ್ತು ಹುಡುಕಿ, ಮೂರು ಗಾಲಿಯ ಮಗುವಿನ ಸೈಕಲ್ಲಿನ ಚಕ್ರ ತಂದು, "ಇದೂ ಹಿಂದಿಂದೇ," ಎಂದ. ಅಲ್ಲಿಂದ ಹೊಸದುರ್ಗ. ಅಲ್ಲಿ ಒಬ್ಬರ ಪಡಸಾಲೆಯಲ್ಲಿ ಥೇಟ್ ಮೇಷ್ಟ್ರದೇ ರೇಸ್ ಸೈಕಲ್ಲು ನೇತುಹಾಕಿದೆ ಎಂದು ಕೇಳಿ ಓಡಿದೆ. ನಿಜವಾಗಿಯೂ ಇತ್ತು. ಹಿಂಚಕ್ರ ಇರಲಿಲ್ಲ. ಮನೆಯ ಯಜಮಾನರು ನನ್ನ ಕೈ ಹಿಡಿದುಕೊಂಡು, "ಹುಡುಕ್ತಾ ಇದ್ದೀರಲ್ಲ, ಸಿಕ್ರೆ ನಂಗೂ ಒಂದು ತನ್ನಿ ಮಾರಾಯ್ರೆ, ಹತ್ತು ವರ್ಷದಿಂದ ಹುಡುಕ್ತಿದ್ದೀನಿ," ಎಂದರು. ಕಾಫಿ ಕೊಟ್ಟರು. ಕಾಫಿ ಕುಡಿಯುವಷ್ಟು ಹೊತ್ತು ಇಬ್ಬರೂ ಇಲ್ಲದ ಚಕ್ರದ ಜಾಗವನ್ನು ನೋಡುತ್ತ ಕುಳಿತೆವು.

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ-ಮಿರ್ಚಿ ತಿಂದು ಹಿರಿಯೂರಿನ ಬಸ್ಸು ಹಿಡಿದೆ. ಮಂಡಕ್ಕಿಯಲ್ಲಿ ಹಾಕಿದ್ದ ಕಡಲೇಬೀಜದ ಒಂದು ಚೂರು ದವಡೆ ಹಲ್ಲಿನ ಸಂದಿಗೆ ಸೇರಿಕೊಂಡಿತು. ನಾಲಿಗೆ ಸೋತಿತು, ಉಗುರು ಸೋತಿತು. ಜೇಬಿಗೆ ಕೈ ಹಾಕಿದೆ, ಒಂದು ಕಡ್ಡಿ ಸಿಕ್ಕಿತು. ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿ, ಸಂದಿಗೆ ತೂರಿಸಿ, ಕಡಲೇಬೀಜ ಹೊರತೆಗೆದು, ಅಗಿದ ನಾರನ್ನು ಕಚ್ಚಿ ಕಿಟಕಿಯಿಂದ ಉಗಿದೆ. ಬಾಯಿಗೆ ಬೇವಿನ ಕಹಿ ಹಿತವಾಗಿತ್ತು. ಕಡ್ಡಿಯನ್ನು ಮತ್ತೆ ಜೇಬಿಗೆ ಹಾಕಿ, ಹಿರಿಯೂರು ಬರುವವರೆಗೆ ಸುಖವಾಗಿ ನಿದ್ರೆ ಮಾಡಿದೆ.

ಹಿರಿಯೂರಿನಲ್ಲಿ ಹುಸೇನ್ ಬೀ ಎಂಬಾಕೆಯ ಗುಜರಿ ಅಂಗಡಿ. ಆಕೆಗೆ ಹೇಳಿದ್ದೇ ತಡ, ಹಳೆಯ ಕಿಟಕಿಗಳ ರಾಶಿಯ ಹಿಂದಿನಿಂದ ರೇಸ್ ಸೈಕಲ್ಲಿನ ಎರಡು ಹಿಂಚಕ್ರ ಎಳೆದು ಹಾಕಿದಳು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎರಡಕ್ಕೂ ಸರಿಯಾದ ರಿಮ್ಮು, ಎರಡಕ್ಕೂ ತಿರುಗಿಸಿ ಕೂರಿಸುವ ಮರೆ. ಇನ್ನು ಹಬ್ಬಿನ ಅಗಲ. ಜೇಬಿನಿಂದ ಜಾತಕ ತೆಗೆದು ಒಂದಕ್ಕೆ ಹಿಡಿದೆ, ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂಡಿತು. ಇನ್ನೊಂದಕ್ಕೆ ಹಿಡಿದೆ, ಆ ಹಬ್ಬು ಅರ್ಧ ಬೆರಳು ಅಗಲ.

"ಇದು ಬೇಡ," ಎಂದು ಅಗಲದ್ದನ್ನು ಆಚೆ ತಳ್ಳಿದೆ.

"ಎರಡೂ ತಗಂಡು ಹೋಗಣ್ಣ," ಎಂದಳು ಹುಸೇನ್ ಬೀ. "ಕೂತಿದ್ದು ಇಟ್ಕೋ, ಕೂರದೇ ಇದ್ದಿದ್ದು ವಾಪಸ್ ಕೊಡು. ನಾನೇನು ಓಡಿ ಹೋಗ್ತೀನಾ?"

"ನಂದು ಎಷ್ಟು ವರ್ಷದ ಸರ್ವಿಸು ಗೊತ್ತೇನಮ್ಮ? ಅಳತೆ ಅಂದ್ರೆ ಅಳತೆ."

ಆಕೆ ನನ್ನ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದಳು, ನನ್ನನ್ನು ನೋಡಿದಳು, ಅಗಲದ್ದನ್ನು ಎತ್ತಿ ಮತ್ತೆ ಕಿಟಕಿಗಳ ಹಿಂದೆ ಇಟ್ಟಳು. ಹೆಂಗಸರು ಹಾಗೆ ಸುಮ್ಮನಾದಾಗ ನಿಲ್ಲಬೇಕು. ನಾನು ನಿಲ್ಲಲಿಲ್ಲ.

ಷಾಪಿಗೆ ಬಂದು, ಮೇಷ್ಟ್ರನ್ನು ಕರೆಸಿ, ಅವರ ಮುಂದೆಯೇ ಚಕ್ರವನ್ನು ಫ್ರೇಮಿಗೆ ಎತ್ತಿ ಇಟ್ಟೆ. ಅದು ಹಿಂಗಾಲುಗಳ ನಡುವೆ, ದೊಡ್ಡವರ ಚಪ್ಪಲಿಯೊಳಗೆ ಮಗುವಿನ ಕಾಲಿನಂತೆ ಆಡಿತು. ಆಚೀಚೆ ವಾಷರು ಹಾಕಿದೆ. ಹಾಗೆ ಹಾಕಿದರೆ ಅಚ್ಚಿನ ಉದ್ದ ಸಾಲದೆ ನಟ್ಟು ಹಿಡಿಯುತ್ತಿರಲಿಲ್ಲ. ಉದ್ದನೆಯ ಅಚ್ಚು ಹಾಕೋಣವೆಂದರೆ ನಮ್ಮಲ್ಲಿ ಸಿಗುವ ಅಚ್ಚಿನ ಮರೆಯೇ ಬೇರೆ.

"ಅಳತೆ ತಗಂಡಿದ್ರಲ್ಲ?" ಎಂದರು ಮೇಷ್ಟ್ರು.

ಕಡ್ಡಿ ತೆಗೆದೆ. ಆಗ ಕಂಡಿತು. ಒಂದು ತುದಿ ಚಾಕುವಿನಲ್ಲಿ ಕತ್ತರಿಸಿ ನುಣ್ಣಗಿತ್ತು. ಇನ್ನೊಂದು ತುದಿ ಹಲ್ಲುಜ್ಜುವ ಬ್ರಷ್ಷಿನಂತೆ ಎಸಳೆಸಳಾಗಿತ್ತು. ಬಸ್ಸು, ಮಂಡಕ್ಕಿ, ಕಡಲೇಬೀಜ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಮೇಷ್ಟ್ರ ಸೈಕಲ್ಲಿನ ಜಾತಕವನ್ನು ನಾನು ಅಗಿದು ಉಗಿದಿದ್ದೆ.

ಇಲ್ಲಿ ನಿಜ ಹೇಳಿದ್ದರೆ ಇಬ್ಬರೂ ನಕ್ಕು ಮುಗಿಯುತ್ತಿತ್ತು. ನಾನು ಕಡ್ಡಿಯನ್ನು ಸರಕ್ಕನೆ ಜೇಬಿಗೆ ಹಾಕಿ, ಫ್ರೇಮನ್ನು ಮುಟ್ಟಿ, "ಬಿಸಿಲು ಸಾರ್," ಎಂದೆ.

"ಏನು ಬಿಸಿಲು?"

"ಬಿಸಿಲಿಗೆ ಫ್ರೇಮು ಹಿಗ್ಗೈತೆ."

ಬೈಯುತ್ತಾರೆಂದುಕೊಂಡೆ. ಮೇಷ್ಟ್ರು ಗಂಭೀರವಾಗಿ ಯೋಚಿಸಿದರು. "ಹೌದಲ್ರೀ! ರೈಲ್ವೆ ಕಂಬಿ ಮಧ್ಯೆ ಅದಕ್ಕೇ ಸಂದಿ ಬಿಟ್ಟಿರ್ತಾರೆ. ನಮ್ಮ ಸೈನ್ಸ್ ಮೇಡಮ್ಮು ಹೇಳ್ತಿರ್ತಾರೆ." ಸುಳ್ಳು ನಾನು ಹುಟ್ಟಿಸಿದೆ, ಅದಕ್ಕೆ ಅಂಗಿ ಚಡ್ಡಿ ತೊಡಿಸಿದವರು ಅವರು. "ಹಂಗಾರೆ ತಣ್ಣಗೆ ಮಾಡಿದ್ರೆ ಸರಿಹೋಗುತ್ತೆ?"

"ಹೋಗ್ಬೋದು ಸಾರ್," ಎಂದೆ, ನೆಲ ನೋಡುತ್ತ. ಅವರು ಹಬ್ಬಿನ ಅಗಲವನ್ನು ಒಂದು ದಾರದಲ್ಲಿ ಅಳೆದುಕೊಂಡು, ಚಕ್ರವಿಲ್ಲದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮನೆಗೆ ಹೊರಟರು.

ಎರಡು ದಿನ ಕಳೆದ ಮೇಲೆ ಮೇಷ್ಟ್ರ ಮನೆಯವರು, ಲಲಿತಮ್ಮ, ಮಾರ್ಕೆಟ್ಟಿನಿಂದ ಹೋಗುವಾಗ ಷಾಪಿನ ಮುಂದೆ ನಿಂತರು.

"ತಿಪ್ಪೇಸ್ವಾಮಣ್ಣ, ನಮ್ಮನೆಯವರಿಗೆ ಏನ್ ಹೇಳಿ ಕಳಿಸಿದ್ರಿ? ಬಚ್ಚಲಲ್ಲಿ ಸೈಕಲ್ಲು ಮಲಗಿಸ್ಕಂಡು, ಜ್ವರ ಬಂದ ಮಗೀಗೆ ಹಾಕ್ದಂಗೆ ಒದ್ದೆ ಬಟ್ಟೆ ಪಟ್ಟಿ ಹಾಕ್ತಾ ಕುಂತವ್ರೆ. ಗೋಣಿಚೀಲ ಎಲ್ಲ ಅದಕ್ಕೇ ಹೊದಿಸವ್ರೆ. ಸ್ನಾನಕ್ಕೆ ಜಾಗ ಇಲ್ಲ. ಬೆಳಿಗ್ಗೆ ಸ್ಕೇಲ್ ಹಿಡಿದು ನೋಡಿ, 'ಲಲಿತಾ, ಒಂದು ಕೂದಲು ಇಳಿದೈತೆ' ಅಂತಾರೆ. ಯಾವ್ದು ಇಳಿದಿದ್ದು ಅಂತ ಕೇಳಿದ್ರೆ, 'ನಿಂಗೆ ಭೌತಶಾಸ್ತ್ರ ಗೊತ್ತಾಗಲ್ಲ' ಅಂತಾರೆ."

"ಸರಿಹೋಗುತ್ತೆ ಬಿಡ್ರಿ ಅಕ್ಕ."

"ನಂಗೆ ಸೈಕಲ್ಲಿಂದು ಚಿಂತೆ ಇಲ್ಲ," ಎಂದರು, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ. "ಅದರ ಮೇಲೆ ಬರ್ತೀನಿ ಅಂತ ಎಲ್ಲರಿಗೂ ಹೇಳ್ಕಂಡ್ ಬಂದವ್ರೆ. ಆಗ್ಲಿಲ್ಲ ಅಂದ್ರೆ ಮನೇಲಿ ಹೆಂಗಿರ್ತಾರೋ. ರಿಟೈರ್ ಆದ ಮೇಲೆ ದಿನಾ ನಾನೇ ನೋಡ್ಕಬೇಕಲ್ಲ ಅವರ ಮುಖ."

ಆ ಮಾತು ನನ್ನನ್ನು ಷಾಪಿನಲ್ಲಿ ಕೂರಲು ಬಿಡಲಿಲ್ಲ. ಕಿರಿದಾದ ಚಕ್ರವನ್ನು ಕಂಕುಳಲ್ಲಿ ಹಿಡಿದು ಮತ್ತೆ ಹಿರಿಯೂರಿಗೆ ಹೋದೆ. ಹುಸೇನ್ ಬೀ ದೂರದಿಂದಲೇ ನಗತೊಡಗಿದ್ದಳು.

"ಅಳತೆ ಅಂದ್ರೆ ಅಳತೆ?"

"ಅದು ಇರ್ಲಿ. ಇನ್ನೊಂದು ಎಲ್ಲಿ?"

"ನಿನ್ನೆ ಹೋಯ್ತು. ಜವನಗೊಂಡನಹಳ್ಳಿ ಕರಿಯಮ್ಮ ಬಂದಿದ್ಲು. ಕಂಬಳಿ ಉಣ್ಣೆ ನೂಲೋಕೆ ಚಕ್ರ ಬೇಕು ಅಂದ್ಲು, ಒಯ್ದಳು. ಅವಳೇನು ಕಡ್ಡಿ ತಂದಿರ್ಲಿಲ್ಲಪ್ಪ."

ಜವನಗೊಂಡನಹಳ್ಳಿಯಲ್ಲಿ ಕರಿಯಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕುರಿಹಟ್ಟಿಯ ಪಕ್ಕದ ಜಗಲಿಯ ಮೇಲೆ ಅಜ್ಜಿ ಕುಳಿತಿದ್ದಳು. ಮುಂದೆ ಮರದ ಚೌಕಟ್ಟು, ಅದರಲ್ಲಿ ಮೇಷ್ಟ್ರಿಗೆ ಬೇಕಾದ ಚಕ್ರ. ಹಗ್ಗದ ಪಟ್ಟಿ ಸುತ್ತಿ ನೂಲು ಸುತ್ತುವ ಕದಿರಿಗೆ ಜೋಡಿಸಿದ್ದರು. ಅವಳು ಒಂದು ಕೈಯಲ್ಲಿ ತಿರುಗಿಸುತ್ತಿದ್ದರೆ ಚಕ್ರ ಒಂದಿಷ್ಟೂ ಸದ್ದಿಲ್ಲದೆ ಸುತ್ತುತ್ತಿತ್ತು. ಅಷ್ಟು ಚೆನ್ನಾದ ಹಬ್ಬನ್ನು ನಾನು ಆಚೆ ತಳ್ಳಿದ್ದೆ.

ವಿಷಯ ಹೇಳಿದೆ. ಯಾಕೋ ಆ ಅಜ್ಜಿಯ ಮುಂದೆ ಎಲ್ಲವೂ ಬಾಯಿಗೆ ಬಂತು, ಕಡ್ಡಿ ಅಗಿದದ್ದೂ, ಬಿಸಿಲಿನ ಸುಳ್ಳೂ.

"ಕಬ್ಬಿಣ ಹಿಗ್ಗೈತೆ ಅಂದ್ಯಾ?" ಎಂದು ಕೈ ನಿಲ್ಲಿಸಿದಳು. "ನಂಬಿದ್ನಾ?"

"ನಂಬಿದ್ರು."

"ಮೇಷ್ಟ್ರಾ ಅವನು?"

"ಡ್ರಿಲ್ ಮೇಷ್ಟ್ರು, ಅವ್ವ."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಒಳಗಿದ್ದ ಸೊಸೆಯನ್ನು ಕರೆದು ಅವಳಿಗೂ ಹೇಳಿದಳು. ಸೊಸೆ ಪಕ್ಕದ ಮನೆಯವಳನ್ನು ಕರೆದಳು. ನಾನು ನಡುವೆ ಚಕ್ರ ಹಿಡಿದು ನಿಂತಿದ್ದೆ. ಎಲ್ಲರೂ ನಕ್ಕು ಸುಸ್ತಾದ ಮೇಲೆ ಅಜ್ಜಿ, "ನಂಗೆ ತಿರುಗಿದ್ರೆ ಸಾಕಪ್ಪ. ನಿನ್ನ ಕೈಯಾಗಿರೋದು ತಿರುಗ್ತೈತಾ?" ಎಂದಳು. ಕಿರಿದಾದ ಚಕ್ರವನ್ನು ಚೌಕಟ್ಟಿಗೆ ಹಾಕಿ, ಎಣ್ಣೆ ಬಿಟ್ಟು, ಹಗ್ಗ ಬಿಗಿದು ಕೊಟ್ಟೆ. ಚೆನ್ನಾಗಿಯೇ ತಿರುಗಿತು. ಅಗಲದ್ದನ್ನು ಎತ್ತಿಕೊಂಡು ಹೊರಟಾಗ ಹಿಂದಿನಿಂದ ಕೂಗಿ ಹೇಳಿದಳು: "ಲೇ ತಮ್ಮಾ, ಆ ಬಡ್ಡೆತ್ತದ ಸುಳ್ಳು ಮೊದ್ಲು ಕಕ್ಕು. ಆಮೇಲೆ ಗಾಲಿ ಹಾಕು."

ಕಕ್ಕಲಿಲ್ಲ. ಬಸ್ಸಿನಲ್ಲಿ ಬೇರೆ ಉಪಾಯ ಹೊಳೆದಿತ್ತು. ಸರಿಯಾದ ಚಕ್ರ ಸಿಕ್ಕಿದೆ, ಸುಮ್ಮನೆ ಹಾಕಿಕೊಟ್ಟರಾಯಿತು. 'ಹಿಗ್ಗಿದ ಫ್ರೇಮಿಗೆ ಹಿಗ್ಗಿದ ಹಬ್ಬು ತಂದಿದ್ದೀನಿ ಸಾರ್' ಎಂದರಾಯಿತು. ಸುಳ್ಳು ಸುಳ್ಳಾಗಿಯೇ ಸುಖವಾಗಿರಲಿ.

ನಿವೃತ್ತಿಯ ಹಿಂದಿನ ದಿನ ಮಧ್ಯಾಹ್ನ ಮೇಷ್ಟ್ರು ಸೈಕಲ್ಲು ಹೊತ್ತು ಬಂದರು. ಮುಖ ಬೆಳಗುತ್ತಿತ್ತು. ಗೋಣಿಚೀಲ ಬಿಚ್ಚಿದರು. ಹಿಂದೆ ಲಲಿತಮ್ಮನೂ ಬಂದಿದ್ದರು.

"ತಿಪ್ಪೇಸ್ವಾಮಿ, ಫ್ರೇಮು ಸಂಕೋಚನ ಆಗೈತೆ! ಅಳತೆ ನೋಡ್ರಿ. ನೀವು ತಂದ ಚಕ್ರಕ್ಕೆ ಕರೆಕ್ಟಾಗಿ ಬಂದೈತೆ."

ನೋಡಿದೆ. ಎರಡು ಹಿಂಗಾಲುಗಳು ಹತ್ತಿರ ಬಂದಿದ್ದವು. ಕಬ್ಬಿಣ ತಂತಾನೇ ಅಷ್ಟು ಕುಗ್ಗುವುದುಂಟೇ?

"ಬರೀ ನೀರಲ್ಲೇ ಆಯ್ತಾ ಸಾರ್?"

"ನೀರಲ್ಲೇ. ಆಮೇಲೆ ಸ್ವಲ್ಪ ಸಹಾಯ ಮಾಡ್ದೆ. ಗಾಡಿ ಹುಲ್ಲಿಗೆ ಬಿಗೀತಾರಲ್ಲ, ಹಂಗೆ ಎರಡು ಕಾಲಿಗೂ ಹಗ್ಗ ಸುತ್ತಿ, ಮಧ್ಯೆ ಕೋಲು ಹಾಕಿ ತಿರುವಿದೆ. ತಣ್ಣಗಾದಾಗ ಬಿಗಿದ್ರೆ ಅಲ್ಲೇ ನಿಲ್ಲುತ್ತೆ ಅಂತ. ಎಲ್ಲಿ, ಆ ಚಕ್ರ ತನ್ನಿ."

ಆ ಚಕ್ರ ಜವನಗೊಂಡನಹಳ್ಳಿಯಲ್ಲಿ ಕಂಬಳಿ ನೂಲುತ್ತಿತ್ತು. ನನ್ನ ಕೈಯಲ್ಲಿದ್ದದ್ದು ಮೊದಲಿನ ಫ್ರೇಮಿಗೆ ಸರಿಯಾದದ್ದು, ಈಗಿನದಕ್ಕೆ ಅಲ್ಲ. ನನ್ನ ಸುಳ್ಳನ್ನು ಮೇಷ್ಟ್ರು ಹಗ್ಗ ಹಾಕಿ ಬಿಗಿದು ನಿಜ ಮಾಡಿಕೊಂಡು ಬಂದಿದ್ದರು. ನಾಳೆ ಸಂಜೆ ಅವರು ಮಕ್ಕಳ ಮುಂದೆ ಈ ಸೈಕಲ್ಲು ಹತ್ತಬೇಕು. ಇನ್ನೊಂದು ಸುಳ್ಳಿಗೆ ಬಾಯಿ ತೆರೆದೆ. ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಬಳಿ ಸುಳ್ಳು ಮುಗಿದುಹೋಗಿತ್ತು.

"ಸಾರ್, ಫ್ರೇಮು ಹಿಗ್ಗಿರ್ಲಿಲ್ಲ," ಎಂದೆ. "ಅಳತೆ ಕಡ್ಡಿಯಲ್ಲಿ ನಾನು ಹಲ್ಲು ಚುಚ್ಕಂಡಿದ್ದೆ. ತುದಿ ಕಚ್ಚಿ ಉಗಿದಿದ್ದೆ. ತಪ್ಪು ಅಳತೆಯ ಚಕ್ರ ತಂದೆ. ನಿಮ್ಮ ಮುಂದೆ ಹೇಳೋಕೆ ನಾಚಿಕೆ ಆಗಿ ಬಿಸಿಲಿನ ಮೇಲೆ ಹಾಕ್ದೆ."

ಲಲಿತಮ್ಮ ಮೆಲ್ಲಗೆ, "ನಾಲ್ಕು ದಿನ ಬಚ್ಚಲು," ಎಂದರು.

ಮೇಷ್ಟ್ರ ಮುಖ ಕೆಂಪಾಗಿತ್ತು. "ಸೈನ್ಸ್ ಮೇಡಮ್ಮಿಗೆ ಹೇಳಿದೀನಲ್ರೀ ನಾನು," ಎಂದರು. "ಅವರು ಅಷ್ಟೆಲ್ಲ ಹಿಗ್ಗಲ್ಲ ಸಾರ್ ಅಂದ್ರು. 'ನಮ್ಮ ತಿಪ್ಪೇಸ್ವಾಮಿ ಹೇಳಿದ್ರೆ ಮುಗೀತು' ಅಂತ ಜಗಳ ಆಡ್ದೆ."

ಅದು ಬೈಗುಳಕ್ಕಿಂತ ಹೆಚ್ಚು ನೋವು ಮಾಡಿತು. ಈಗಲೂ ಮಾಡುತ್ತದೆ.

ಆಮೇಲೆ ಅವರು ಜೇಬಿನಿಂದ ಸೀಟಿ ತೆಗೆದರು. ಒಮ್ಮೆ ಊದಿದರು. "ಕಿವಿ ಹಿಡ್ಕಳ್ರಿ. ಇಪ್ಪತ್ತು ಬಸ್ಕಿ." ತಮಾಷೆಗೆಂದುಕೊಂಡೆ, ಮುಖ ನೋಡಿದೆ, ತಮಾಷೆ ಕಾಣಲಿಲ್ಲ. ನನ್ನ ಷಾಪಿನ ಮುಂದೆ, ಹೋಗಿಬರುವವರ ಎದುರಿಗೆ, ಎರಡೂ ಕಿವಿ ಹಿಡಿದು ಬಸ್ಕಿ ತೆಗೆದೆ. ಲಲಿತಮ್ಮ ಎಣಿಸಿದರು. ಹದಿನಾಲ್ಕರಲ್ಲಿ ನಾನು ಕೂತವನು ಏಳಲಿಲ್ಲ. ಮೇಷ್ಟ್ರು ಕೈ ಕೊಟ್ಟು ಎಬ್ಬಿಸಿ, "ಉಳಿದಿದ್ದು ನಾಳೆ. ಈಗ ಫ್ರೇಮು ನೋಡ್ರಿ," ಎಂದರು.

ಕೆಲಸ ಹೇಗಾಯಿತೆಂದು ಹೊಸಬರಿಗಾಗಿ ಬರೆಯುತ್ತೇನೆ. ಉದ್ದನೆಯ ಮರೆಯ ಸರಳಿಗೆ ಎರಡು ನಟ್ಟು ಹಾಕಿ, ಅದನ್ನು ಹಿಂಗಾಲುಗಳ ನಡುವೆ ಇಟ್ಟು, ನಟ್ಟುಗಳನ್ನು ಹೊರಕ್ಕೆ ತಿರುಗಿಸುತ್ತ ಹೋದರೆ ಕಾಲುಗಳು ಅಗಲವಾಗುತ್ತವೆ. ಅವಸರ ಮಾಡಬಾರದು, ಸ್ವಲ್ಪ ತಿರುಗಿಸಿ, ಬಿಚ್ಚಿ, ಎಷ್ಟು ನಿಂತಿತೆಂದು ನೋಡಿ, ಮತ್ತೆ ತಿರುಗಿಸಬೇಕು. ಇದು ಉಕ್ಕಿನ ಫ್ರೇಮಿಗೆ ಮಾತ್ರ. ಅಲ್ಯುಮಿನಿಯಮ್ಮಿಗೆ ಮಾಡಿದರೆ ಬಿರುಕು ಬಿಡುತ್ತದೆ. ಎರಡೂ ಕಾಲು ಸಮನಾಗಿ ಬಂದಿವೆಯೇ ಎಂದು ನೋಡಲು ಒಂದು ದಾರವನ್ನು ಒಂದು ಕಾಲಿನಿಂದ ಹೊರಡಿಸಿ, ಹ್ಯಾಂಡಲಿನ ಕೆಳಗಿನ ಕೊಳವೆ ಸುತ್ತಿಸಿ, ಇನ್ನೊಂದು ಕಾಲಿಗೆ ಎಳೆದು ಕಟ್ಟಬೇಕು. ನಡುವಿನ ಸೀಟಿನ ಕೊಳವೆಯಿಂದ ದಾರ ಎರಡೂ ಕಡೆ ಒಂದೇ ದೂರ ಇರಬೇಕು. ದಾರದ ಒಂದು ತುದಿ ಮೇಷ್ಟ್ರು ಹಿಡಿದಿದ್ದರು. ಅಳತೆಯನ್ನು ಲಲಿತಮ್ಮ ತಾವೇ ಸ್ಕೇಲಿನಲ್ಲಿ ನೋಡಿ ಗಟ್ಟಿಯಾಗಿ ಓದಿದರು. ನನ್ನ ಕೈಗೆ ಸ್ಕೇಲು ಕೊಡಲು ಒಪ್ಪಲಿಲ್ಲ. ಆ ವಾರವೇ ನಾನು ವರ್ನಿಯರ್ ಅಳತೆಗೋಲು ಕೊಂಡೆ. ಈಗಿನವರು ಫೋನಿನಲ್ಲಿ ನಂಬರು ಒತ್ತಿ ಚಕ್ರವನ್ನು ಮನೆಗೇ ತರಿಸುತ್ತಾರೆ. ತರಿಸಿರಿ. ಆದರೆ ನಂಬರನ್ನು ಮೊದಲು ಕಾಗದದ ಮೇಲೆ ಬರೆಯಿರಿ.

ಚಕ್ರ ಕೂತಿತು. ಐದೂ ಗೇರು ಓಡಿದವು. ಬ್ರೇಕು ರಿಮ್ಮಿನ ಮೇಲೇ ಹಿಡಿಯಿತು. ಮೇಷ್ಟ್ರು ಕೈಯಿಂದ ಒಮ್ಮೆ ತಿರುಗಿಸಿ ಸದ್ದು ಕೇಳಿದರು.

"ನಾಳೆ ನೀವೂ ಬರ್ಬೇಕು," ಎಂದರು. "ನಿಮ್ಮ ಸೈಕಲ್ ತಗಂಡು. ಹೊಳಲ್ಕೆರೆಯಿಂದ ಇಲ್ಲೀವರೆಗೂ ನನ್ನ ಹಿಂದೆ. ಈ ಚಕ್ರ ಬಿಚ್ಕಂಡ್ರೆ ಅಲ್ಲೇ ಕಟ್ಕೊಡ್ಬೇಕು. ನಾನು ಇಳಿಯೋವರೆಗೂ ನೀವು ಇಳಿಯಂಗಿಲ್ಲ. ಉಳಿದ ಆರು ಬಸ್ಕಿ ಇದಕ್ಕೆ ವಜಾ."

ಮರುದಿನ ಎರಡೂ ಸೈಕಲ್ಲುಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಹೊಳಲ್ಕೆರೆಗೆ ಹೋದೆ. ಸ್ಕೂಲಿನ ಅಂಗಳದಲ್ಲಿ ಹಾರ, ಶಾಲು, ಭಾಷಣ ಎಲ್ಲ ಆಯಿತು. ಕೊನೆಗೆ ಮೇಷ್ಟ್ರು ಮೈಕಿನಲ್ಲಿ ಸೈನ್ಸ್ ಮೇಡಮ್ಮನ್ನು ಹೆಸರು ಹಿಡಿದು ಕರೆದು, "ನೀವು ಹೇಳಿದ್ದೇ ಸರಿ, ನಾನು ತಪ್ಪು," ಎಂದರು. ನನ್ನ ಹೆಸರು ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಹಗುರವಾಗುತ್ತಿತ್ತು. ಮೇಡಮ್ಮು ನಕ್ಕು ಕೈಮುಗಿದರು. ಮೇಷ್ಟ್ರು ಪ್ಯಾಂಟಿನ ಕಾಲಿಗೆ ರಬ್ಬರ್ ಬ್ಯಾಂಡು ಹಾಕಿಕೊಂಡು ಸೈಕಲ್ಲು ಹತ್ತಿದರು. ಗೇಟಿನವರೆಗೆ ಇಡೀ ಸ್ಕೂಲು ಕೂಗುತ್ತ ಓಡಿಬಂತು.

ಅವರು ಮುಂದೆ, ನಾನು ಹಿಂದೆ. ನನ್ನದು ನಮ್ಮ ಕಾಲದ ಭಾರಿ ಸೈಕಲ್ಲು, ಎದುರಿಗೆ ದುರ್ಗದ ಕಡೆಯ ಗಾಳಿ. ದೂರದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಸಲೀಸಾಗಿ ತಿರುಗುತ್ತಿದ್ದವು, ನಾನು ಮಾತ್ರ ಕಷ್ಟಪಟ್ಟು. ನನ್ನ ಕಣ್ಣು ಆ ಹಿಂಚಕ್ರ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಂದು ಕಲ್ಲು ಸಿಡಿದರೂ ಸ್ಪೋಕು ಮುರಿಯಿತೇ ಎಂದು ಬಗ್ಗಿ ನೋಡುತ್ತಿದ್ದೆ. ಒಂದು ಏರಿನಲ್ಲಿ ಮೇಷ್ಟ್ರು ಸೀಟಿನಿಂದೆದ್ದು ನಿಂತು ತುಳಿದಾಗ ಹಬ್ಬಿನಿಂದ ಕಟ್ಟೆಂದು ಸದ್ದು ಬಂತು. ದೇವರ ಹೆಸರೆಲ್ಲ ಬಾಯಿಗೆ ಬಂದವು. ನೋಡಿದರೆ ಅದು ನನ್ನದೇ ಪೆಡಲು. ಅವರ ಚಕ್ರ ಕರಿಯಮ್ಮನ ಜಗಲಿಯಲ್ಲಿ ತಿರುಗಿದಂತೆಯೇ ತಿರುಗುತ್ತಿತ್ತು.

ಮೇಷ್ಟ್ರ ಬೀದಿಗೆ ಬರುವ ಹೊತ್ತಿಗೆ ನನ್ನ ಕಾಲುಗಳು ನನ್ನವಾಗಿರಲಿಲ್ಲ. ಗೇಟಿನಲ್ಲಿ ಲಲಿತಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು, ಅಕ್ಕಪಕ್ಕದವರೂ ನಿಂತಿದ್ದರು. ಮೇಷ್ಟ್ರು ಹತ್ತಿರ ಬಂದರು. ನಾನು ಇಳಿಯಲು ಒಂದು ಕಾಲು ಎತ್ತಿಯೇ ಬಿಟ್ಟಿದ್ದೆ.

ಅವರು ನಿಲ್ಲಲಿಲ್ಲ. ಗೇಟು ದಾಟಿ, ಲಲಿತಮ್ಮನಿಗೆ ಕೈಬೀಸಿ, ಒಂದು ಗೇರು ಏರಿಸಿ ಮುಂದೆ ಹೋದರು.

"ಎಲ್ಲಿಗ್ರೀ?" ಎಂದು ಲಲಿತಮ್ಮ ಕೂಗಿದರು.

ಬೀದಿಯ ತಿರುವಿನಿಂದ ಉತ್ತರ ಬಂತು: "ಚೆನ್ನಾಗಿ ಓಡ್ತೈತೆ ಕಣೇ! ತಿಪ್ಪೇಸ್ವಾಮಿ, ಬರ್ರಿ ಬರ್ರಿ, ಹೋಗಾಣ!"

ಲಲಿತಮ್ಮ ನನ್ನನ್ನು ನೋಡಿದರು. ಎತ್ತಿದ ಕಾಲನ್ನು ನಾನು ಮತ್ತೆ ಪೆಡಲಿನ ಮೇಲೆ ಇಟ್ಟೆ.